ಅಪ್ಪನ ಕೋವಿ, ಪುಣೆಯ ರೇಂಜ್, ಜರ್ಮನಿಯ ಕ್ಲಬ್: ಬಂದೂಕಿನ ಕಾನೂನು ಕೇಳೋದು ಏನನ್ನ?

ಪುಣೆಯ ಧನಕವಡಿಯಿಂದ ಮಾತಾಡ್ತಾ ಇದ್ದೀನಿ. ವಿಡಿಯೋದಲ್ಲಿ ಮಧ್ಯೆ ಮಧ್ಯೆ ಹಾರ್ನ್ ಸದ್ದು ಕೇಳಿಸಿದ್ರೆ ಕ್ಷಮಿಸಿ, ಸಾತಾರಾ ರಸ್ತೆ ಹತ್ತಿರದಲ್ಲೇ ಇದೆ. ಕೂತು ನೋಡೋಕೆ ಪುರುಸೊತ್ತಿಲ್ಲದೆ ಆಫೀಸ್ ಬಸ್ಸಲ್ಲಿ ಓದೋರಿಗೆ ಅಂತ ಎಂದಿನಂತೆ ಮಾತನ್ನ ಸ್ವಲ್ಪ ತಿದ್ದಿ ಬರಹಕ್ಕೆ ಇಳಿಸಿದ್ದೀನಿ.

ಇವತ್ತಿನ ವಿಷಯ ಬಂದೂಕಿನ ಲೈಸೆನ್ಸ್. ಗಾಬರಿ ಬೇಡ, ಸ್ಪೋರ್ಟ್ಸ್ ಶೂಟಿಂಗ್ ಬಗ್ಗೆ ಹೇಳ್ತಿರೋದು. ಕಳೆದ ಕೆಲವು ತಿಂಗಳಲ್ಲಿ ನಿಮ್ಮಿಂದ ಎರಡು ಥರದ ಪ್ರಶ್ನೆ ಬಂದಿದ್ವು. ಒಂದು, "ಜರ್ಮನಿಗೆ ಹೋಗ್ತಾ ಇದ್ದೀನಿ, ಅಲ್ಲಿ ಶೂಟಿಂಗ್ ಕ್ಲಬ್ ಸೇರಬಹುದಾ, ರೈಫಲ್ ತಗೋಬಹುದಾ?" ಇನ್ನೊಂದು, "ಊರಲ್ಲಿ ಅಜ್ಜನ ಕಾಲದ ಕೋವಿ ಇದೆ, ಏನು ಮಾಡೋದು?" ಈ ವರ್ಷ ಎರಡೂ ಪ್ರಶ್ನೆ ನನ್ನ ಮನೆಗೇ ಬಂದು ಕೂತ್ವು. ಅದಕ್ಕೇ ಒಟ್ಟಿಗೆ ಹೇಳ್ತೀನಿ.

ಮೊದಲೇ ಹೇಳಿಬಿಡ್ತೀನಿ: ನಾನು ಎಂ.ಟೆಕ್ ಓದಿದ ಸಾಫ್ಟ್‌ವೇರ್ ಇಂಜಿನಿಯರ್, ವಕೀಲ ಅಲ್ಲ. ಕಾಯ್ದೆ, ನಿಯಮ ಓದಿ, ಕಚೇರಿಗಳಿಗೆ ಅಲೆದು ತಿಳ್ಕೊಂಡದ್ದನ್ನ ಹೇಳ್ತಿದ್ದೀನಿ. ನಿಮ್ಮ ಕೆಲಸ ಮಾಡಿಸ್ಕೊಳ್ಳೋ ಮುಂಚೆ ನಿಮ್ಮ ಜಿಲ್ಲೆಯ ಲೈಸೆನ್ಸ್ ಶಾಖೆಯಲ್ಲಿ ಒಮ್ಮೆ ಕೇಳಿ.

ಕೊಡಗಿನ ವಿನಾಯಿತಿ ಅಂದ್ರೆ ಏನು?

ನಮ್ಮದು ಕೊಡಗು. ಅರೆಭಾಷೆ ಗೌಡರು, ಜಮ್ಮಾ ಹಿಡುವಳಿದಾರರು. ಹೊರಗಿನವರು ಸಾಮಾನ್ಯವಾಗಿ ಅಂದ್ಕೊಂಡಿರೋದು "ಕೊಡಗಿನವರಿಗೆಲ್ಲ ಬಂದೂಕು ಫ್ರೀ" ಅಂತ. ಹಾಗಲ್ಲ.

1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನ ಇಳಿಸಿ ಕೊಡಗನ್ನ ವಶಕ್ಕೆ ತಗೊಂಡ್ರು. 1857ರ ದಂಗೆಯ ನಂತರ ದೇಶದ ಜನರ ಕೈಯಿಂದ ಆಯುಧ ಕಿತ್ಕೊಳ್ಳೋ ಕಾನೂನು ಬಂತು. ಆಗ, 1861ರಲ್ಲಿ, ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಆ ಕಾನೂನಿನಿಂದ ವಿನಾಯಿತಿ ಕೊಟ್ಟರು. ಬೆಂಗಳೂರಿನ ಕಬ್ಬನ್ ಪಾರ್ಕಿನ ಅದೇ ಕಬ್ಬನ್. ಸ್ವಾತಂತ್ರ್ಯ ಬಂತು, 1959ರಲ್ಲಿ ಹೊಸ ಶಸ್ತ್ರಾಸ್ತ್ರ ಕಾಯ್ದೆ ಬಂತು, ಆದ್ರೂ ವಿನಾಯಿತಿ ಉಳೀತು. ಈ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಹಿತಕ್ಕಾಗಿ ಕೇಂದ್ರ ಸರ್ಕಾರ ಯಾರಿಗಾದರೂ ವಿನಾಯಿತಿ ಕೊಡಬಹುದು. ಆ ಅಧಿಸೂಚನೆಯಲ್ಲಿ ಎರಡು ಗುಂಪಿನ ಹೆಸರಿದೆ: ಕೊಡವ ಜನಾಂಗದವರು, ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರು. ಜಮ್ಮಾ ಅಂದ್ರೆ ಹಿಂದೆ ಅರಸರಿಗೆ ಸೈನ್ಯದ ಸೇವೆ ಮಾಡೋ ಕರಾರಿನ ಮೇಲೆ ಸಿಕ್ಕ ವಂಶಪಾರಂಪರ್ಯ ಭೂಮಿ. ಅದು ಕೊಡವರ ಜೊತೆ ಬೇರೆ ಸಮುದಾಯದವರ ಹತ್ರಾನೂ ಇದೆ. ನಮ್ಮ ಮನೆತನ ಎರಡನೇ ಗುಂಪಿಗೆ ಸೇರಿದ್ದು.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಏನಂದ್ರೆ, ಈ ವಿನಾಯಿತಿಗೆ ಈಗ ಕೊನೆ ದಿನಾಂಕ ಇದೆ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಇದನ್ನ ಹತ್ತು ವರ್ಷಕ್ಕೆ, ಅಂದ್ರೆ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಇದು ಸಮಾನತೆಗೆ ವಿರುದ್ಧ ಅಂತ ಕರ್ನಾಟಕ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯ್ತು. 2021ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಅರ್ಜಿ ವಜಾ ಮಾಡ್ತು. ಸ್ವಾತಂತ್ರ್ಯಕ್ಕೂ ಮುಂಚಿನಿಂದ ಬಂದ ಪದ್ಧತಿ, ಅದೂ ಶಾಶ್ವತವಾಗಿ ಕೊಟ್ಟದ್ದಲ್ಲ, ಒಂದು ಅವಧಿಗೆ ಷರತ್ತಿನ ಮೇಲೆ ಕೊಟ್ಟದ್ದು ಅನ್ನೋದು ಕೋರ್ಟಿನ ನಿಲುವು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಅಡ್ಮಿನ್ ಆಕ್ಸೆಸ್ ಅಲ್ಲ, ಎಕ್ಸ್‌ಪೈರಿ ಡೇಟ್ ಇರೋ ಟೋಕನ್. ರಿನ್ಯೂ ಮಾಡೋ ಅಧಿಕಾರ ಬೇರೆಯವರ ಕೈಲಿದೆ.

ವಿನಾಯಿತಿ ಇದ್ರೂ ಕಾಗದ ಬೇಡ ಅಂತಲ್ಲ. ಜಿಲ್ಲಾಧಿಕಾರಿ ಕಚೇರಿಯಿಂದ ವಿನಾಯಿತಿ ಪತ್ರ ಮಾಡಿಸ್ಕೋಬೇಕು. ಜಿಲ್ಲೆಯ ಹೊರಗೆ ಒಯ್ಯೋಕೆ ಎಷ್ಟು ಕೋವಿ, ಎಷ್ಟು ತೋಟೆ ಅಂತ ಮಿತಿ ಇದೆ. ಪಕ್ಕದ ಸುಳ್ಯ, ಪುತ್ತೂರಿನ ಕೃಷಿಕರಿಗೆ ಈ ವಿನಾಯಿತಿ ಇಲ್ಲವೇ ಇಲ್ಲ. ಅವರು ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಮಾಡಿಸ್ತಾರೆ, ಚುನಾವಣೆ ಬಂದಾಗ ಕೋವಿಯನ್ನ ಠಾಣೆಗೆ ಒಪ್ಪಿಸಿ ಬರ್ತಾರೆ.

ನಮ್ಮ ಮನೇಲಿ ಆದ ತಪ್ಪು

ಎರಡು ವರ್ಷದ ಹಿಂದೆ ಅಪ್ಪ ತೀರ್ಕೊಂಡ್ರು. ನಮ್ಮ ಕಡೆ ಸಾವಾದಾಗ ಎರಡು ಗುಂಡು ಹಾರಿಸ್ತಾರೆ. ಅದನ್ನ ಕೇಳಿದ ಕೂಡ್ಲೇ ಊರವರು ಕೆಲಸ ಬಿಟ್ಟು ಬರ್ತಾರೆ. ಅಪ್ಪನಿಗೆ ಅಪ್ಪನದ್ದೇ ಜೋಡುನಳಿಗೆ ಕೋವಿಯಿಂದ ದೊಡ್ಡಪ್ಪನ ಮಗ, ಅಣ್ಣ, ಗುಂಡು ಹಾರಿಸಿದ. ನಾನು ಆಗ ಕಾತ್ರಜ್‌ನಲ್ಲಿ ಹತ್ತಿದ ಬಸ್ಸಲ್ಲಿ ಇನ್ನೂ ಬೆಳಗಾವಿ ದಾಟಿರಲಿಲ್ಲ. ನನಗೆ ಆ ಸದ್ದು ಕೇಳಿಸಿದ್ದು ಫೋನಲ್ಲಿ.

ಕ್ರಿಯೆ ಎಲ್ಲ ಮುಗಿದ ಮೇಲೆ ಕೋವಿಯನ್ನ ಒರೆಸಿ, ಬಟ್ಟೆ ಸುತ್ತಿ, ಅಪ್ಪನ ಬೀರುವಿನಲ್ಲಿ ಇಟ್ಟು ಬಂದೆ. ವಿನಾಯಿತಿ ಇರೋ ಮನೆ ತಾನೇ, ಇನ್ನೇನು ಅಂತ. ಹನ್ನೊಂದು ತಿಂಗಳು ಅದು ಅಲ್ಲೇ ಇತ್ತು. ಮನೇಲಿ ಅಮ್ಮ ಒಬ್ಬರೇ. ಬೀರುವಿನ ಬೀಗದ ಕೈ ದೇವರ ಮನೆಯ ಮೊಳೆಗೆ ನೇತಾಡ್ತಿತ್ತು, ಬಂದು ಹೋಗೋರಿಗೆಲ್ಲ ಕಾಣೋ ಹಾಗೆ.

ಮುಂದಿನ ವರ್ಷ ಕೈಲ್ ಮುಹೂರ್ತಕ್ಕೆ ಹೋದಾಗ ಅಣ್ಣ ಕೇಳಿದ: "ಈ ಕೋವಿ ಈಗ ಯಾರ ಹೆಸರಲ್ಲಿ ಇದೆಯೋ?" ಉತ್ತರ ಇರಲಿಲ್ಲ. ವಿನಾಯಿತಿ ಪತ್ರ ಅಪ್ಪನ ಹೆಸರಲ್ಲಿತ್ತು. ಜಮೀನಿನ ಖಾತೆ ಇನ್ನೂ ನನ್ನ ಹೆಸರಿಗೆ ಆಗಿರಲಿಲ್ಲ. ಕಾಗದದ ಪ್ರಕಾರ ಆ ಕೋವಿ ಯಾರದ್ದೂ ಅಲ್ಲ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಮಾಲೀಕ ಸತ್ತು ಅಥವಾ ಲೈಸೆನ್ಸ್ ಮುಗಿದು ಆಯುಧ ಇಟ್ಕೊಳ್ಳೋದು ಕಾನೂನುಬದ್ಧ ಅಲ್ಲ ಅಂತಾದ್ರೆ ಅನಗತ್ಯ ತಡ ಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರೋ ಡೀಲರ್ ಹತ್ರವೋ ಠೇವಣಿ ಇಡಬೇಕು. ವಾರಸುದಾರರಿಗೆ ಅದರ ಮೇಲಿನ ಹಕ್ಕು ಹೋಗಲ್ಲ. ಆದ್ರೆ ನಿಗದಿತ ಅವಧಿಯೊಳಗೆ ಕಾಗದ ಮಾಡಿಸ್ಕೊಂಡು ಬಿಡಿಸ್ಕೊಳ್ಳದಿದ್ರೆ ಸರ್ಕಾರಕ್ಕೆ ಜಪ್ತಿ ಆಗಬಹುದು. ಲೈಸೆನ್ಸಾಗಲಿ ವಿನಾಯಿತಿಯಾಗಲಿ ಇಲ್ಲದೆ ಬಂದೂಕು ಇಟ್ಕೊಂಡ್ರೆ 2019ರ ತಿದ್ದುಪಡಿ ಆದ್ಮೇಲೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು. ಬೀರು ಇದ್ದದ್ದು ಅಮ್ಮನ ಮನೇಲಿ. ಯಾರಾದ್ರೂ ದೂರು ಕೊಟ್ಟಿದ್ರೆ ಪೊಲೀಸರು ಮೊದಲು ಕೇಳ್ತಿದ್ದದ್ದು ಅಮ್ಮನನ್ನ. ಅದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನವೇ ಅಣ್ಣನ ಜೊತೆ ಹೋಗಿ ಕೋವಿ ಠೇವಣಿ ಇಟ್ಟು ರಸೀದಿ ತಗೊಂಡೆ. ಅಮ್ಮನಿಗೆ ಬೇಜಾರಾಯ್ತು. "ಕೋವಿ ಮನೆಯಿಂದ ಹೋಯ್ತಲ್ಲ, ನಾನು ಹೋದಾಗ ಗುಂಡು ಹಾರಿಸೋರು ಯಾರು?" ಅಂದ್ರು. ನಾನು ಸುಮ್ಮನಿದ್ದೆ.

ಪುಣೆಯಲ್ಲಿ ಶೂಟಿಂಗ್: ಎಲ್ಲಿಂದ ಶುರು?

ಕೋವಿಯ ಜೊತೆ ಬೆಳೆದವನಿಗೆ ಊರು ಬಿಟ್ಟ ಮೇಲೂ ಗುರಿ ಇಡೋ ಆಸೆ ಹೋಗಲ್ಲ. ನಾಲ್ಕು ವರ್ಷದಿಂದ ಭಾನುವಾರ ಹತ್ತು ಮೀಟರ್ ಏರ್ ರೈಫಲ್ ಅಭ್ಯಾಸ ಮಾಡ್ತಿದ್ದೀನಿ. ಪುಣೆ ಇದಕ್ಕೆ ಒಳ್ಳೇ ಊರು. ಬಾಲೇವಾಡಿಯ ಶಿವಛತ್ರಪತಿ ಕ್ರೀಡಾ ಸಂಕುಲದಲ್ಲಿ ದೊಡ್ಡ ಶೂಟಿಂಗ್ ರೇಂಜ್ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಐವತ್ತು ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಅಭ್ಯಾಸ ಮಾಡಿದ್ದು ಅಲ್ಲೇ.

ಲೈಸೆನ್ಸ್ ವಿಷಯ ಹಂತ ಹಂತವಾಗಿ ನೋಡೋಣ.

ಏರ್ ರೈಫಲ್: 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಬೋರ್, ಅಂದ್ರೆ 4.5 ಮಿಲಿಮೀಟರ್ ಮೀರದ, 20 ಜೂಲ್ ಶಕ್ತಿ ಮೀರದ ಏರ್ ಗನ್ನಿಗೆ ಲೈಸೆನ್ಸ್ ಬೇಡ. ಸ್ಪರ್ಧೆಯ ಏರ್ ರೈಫಲ್ ಈ ಮಿತಿಯೊಳಗೇ ಬರುತ್ತೆ. ಹೊಸಬರು ಇಲ್ಲಿಂದಲೇ ಶುರು ಮಾಡಿ.

.22 ರೈಫಲ್: ಇದಕ್ಕೆ ಲೈಸೆನ್ಸ್ ಬೇಕು. ಪುಣೆ ನಗರದಲ್ಲಿ ಅದನ್ನ ಕೊಡೋದು ಪೊಲೀಸ್ ಕಮಿಷನರ್, ಕೊಡಗಿನಂಥ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ. ವಯಸ್ಸು 21 ಆಗಿರಬೇಕು. ಅರ್ಜಿ, ಪೊಲೀಸ್ ವಿಚಾರಣೆ, ಸುರಕ್ಷತಾ ತರಬೇತಿ, ಆರೋಗ್ಯದ ಪತ್ರ, ಮನೇಲಿ ಎಲ್ಲಿ ಭದ್ರವಾಗಿ ಇಡ್ತೀರ ಅನ್ನೋದು, ಇಷ್ಟೂ ಬೇಕಾಗುತ್ತೆ. ಕಾಯ್ದೆಯ 13ನೇ ಸೆಕ್ಷನ್ನಲ್ಲಿ ಒಂದು ಒಳ್ಳೇ ಮಾತಿದೆ. ಕೇಂದ್ರ ಸರ್ಕಾರದ ಮಾನ್ಯತೆ ಇರೋ ರೈಫಲ್ ಕ್ಲಬ್ ಅಥವಾ ಸಂಘದ ಸದಸ್ಯ ಗುರಿ ಅಭ್ಯಾಸಕ್ಕೆ .22 ರೈಫಲ್ ಕೇಳಿದ್ರೆ, ಅನರ್ಹತೆ ಏನೂ ಇಲ್ಲದಿದ್ರೆ, ಲೈಸೆನ್ಸ್ ಕೊಡಬೇಕು ಅಂತಿದೆ. ಪಿಸ್ತೂಲಿನಂಥ ಬೇರೆ ಆಯುಧಕ್ಕಾದ್ರೆ ತಕ್ಕ ಕಾರಣ ಇದೆ ಅಂತ ಅಧಿಕಾರಿಗೆ ನೀವು ಮನದಟ್ಟು ಮಾಡಿಸಬೇಕು. ಅಂದ್ರೆ ಕ್ಲಬ್ಬಿನ ಸದಸ್ಯತ್ವವೇ ಇಲ್ಲಿ ನಿಮ್ಮ ಪರ ನಿಲ್ಲೋ ಸಾಕ್ಷಿ.

ಎಷ್ಟು ಇಟ್ಕೋಬಹುದು? ಮೊದಲು ಮೂರು ಇತ್ತು. 2019ರ ತಿದ್ದುಪಡಿ ಅದನ್ನ ಎರಡಕ್ಕೆ ಇಳಿಸಿತು, ಲೈಸೆನ್ಸ್ ಅವಧಿಯನ್ನ ಮೂರರಿಂದ ಐದು ವರ್ಷಕ್ಕೆ ಏರಿಸಿತು. ಕ್ರೀಡಾಪಟುಗಳಿಗೆ ಬೇರೆ ಲೆಕ್ಕ. 2020ರ ಫೆಬ್ರವರಿಯ ಅಧಿಸೂಚನೆ ಪ್ರಕಾರ ಸರ್ಕಾರದ ಭಾಷೆಯಲ್ಲಿ 'ಖ್ಯಾತ ಶೂಟರ್' ಅನಿಸ್ಕೊಂಡವರು ಒಂದು ವಿಭಾಗದಲ್ಲಿ ಆಡಿದ್ರೆ ಎಂಟು, ಎರಡರಲ್ಲಿ ಹತ್ತು, ಅದಕ್ಕಿಂತ ಹೆಚ್ಚಿನದರಲ್ಲಿ ಹನ್ನೆರಡು ಆಯುಧ ಇಟ್ಕೋಬಹುದು. ಬೆಳೀತಿರೋ ಶೂಟರ್‌ಗೆ ಎರಡು. ಖ್ಯಾತ ಅನ್ನೋದು ಇಲ್ಲಿ ಫೇಸ್‌ಬುಕ್ ಫಾಲೋವರ್ಸ್ ಲೆಕ್ಕ ಅಲ್ಲ. ರಾಷ್ಟ್ರೀಯ ಸ್ಪರ್ಧೆಯಲ್ಲಿ ನ್ಯಾಷನಲ್ ರೈಫಲ್ ಅಸೋಸಿಯೇಷನ್ ನಿಗದಿ ಮಾಡಿದ ಕನಿಷ್ಠ ಅಂಕ ಗಳಿಸಿರಬೇಕು.

ಮಕ್ಕಳ ಬಗ್ಗೆ ಕೇಳಿದವರಿಗೆ: 12 ವರ್ಷ ತುಂಬಿದ ಮೇಲೆ ತರಬೇತುದಾರರ ಕಣ್ಣೆದುರಲ್ಲಿ ಬಂದೂಕಿನ ಅಭ್ಯಾಸ ಮಾಡಬಹುದು.

ಜರ್ಮನಿ: ಐದು ಪ್ರಶ್ನೆಗೆ ಉತ್ತರ ಕೊಡಿ

ನನಗೆ ಕಂಪನಿಯಿಂದ ಮೂರು ವರ್ಷಕ್ಕೆ ಮ್ಯೂನಿಕ್‌ಗೆ ಹೋಗೋ ಅವಕಾಶ ಬಂದಿದೆ. ಶೂಟಿಂಗ್ ಮಾಡೋರಿಗೆ ಮ್ಯೂನಿಕ್ ಅಂದ್ರೆ ಕ್ರಿಕೆಟ್ ಹುಡುಗರಿಗೆ ಲಾರ್ಡ್ಸ್ ಇದ್ದ ಹಾಗೆ. ಕೊಲ್ಹಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದು ಅಲ್ಲೇ. ಅದಕ್ಕೇ ಅಲ್ಲಿನ ಕಾನೂನು ಓದೋಕೆ ಕೂತೆ.

ಜರ್ಮನಿಯಲ್ಲಿ ಶೂಟಿಂಗ್ ಕ್ಲಬ್ಬಿಗೆ 'ಫೆರೈನ್' ಅಂತಾರೆ, ಹಳ್ಳಿ ಹಳ್ಳಿಯಲ್ಲೂ ಇದೆ. ಅಲ್ಲಿನ ಶೂಟಿಂಗ್ ಸಂಘಗಳ ಒಕ್ಕೂಟ ಹುಟ್ಟಿದ್ದು 1861ರಲ್ಲಿ, ಕಬ್ಬನ್ ಕೊಡಗಿಗೆ ವಿನಾಯಿತಿ ಕೊಟ್ಟ ಅದೇ ವರ್ಷ. ಇವತ್ತು ಅದರ ಸದಸ್ಯರು ಹತ್ತು ಲಕ್ಷಕ್ಕೂ ಹೆಚ್ಚು. ನಮ್ಮಲ್ಲಿ ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ಇಡೋ ಹಾಗೆ ಅವರು ಅಕ್ಟೋಬರ್‌ಫೆಸ್ಟ್ ಜಾತ್ರೆಯಲ್ಲೂ ಗುರಿ ಹೊಡೆಯೋ ಸ್ಪರ್ಧೆ ಇಡ್ತಾರೆ.

ಆದ್ರೆ ಸ್ವಂತ ಬಂದೂಕು ಬೇಕು ಅಂದ್ರೆ ಅವರ ಶಸ್ತ್ರಾಸ್ತ್ರ ಕಾಯ್ದೆ ಐದು ಪ್ರಶ್ನೆ ಕೇಳುತ್ತೆ.

ಒಂದು, ವಯಸ್ಸು. ಸಾಮಾನ್ಯ ನಿಯಮ 18. ಕ್ರೀಡೆಗೆ .22ಕ್ಕಿಂತ ದೊಡ್ಡ ಕ್ಯಾಲಿಬರ್ ಆದ್ರೆ 21. 25 ತುಂಬದವರು ಅಂಥ ಮೊದಲ ಬಂದೂಕಿಗೆ ಮಾನಸಿಕ ಯೋಗ್ಯತೆಯ ವರದಿ ತರಬೇಕು. 2002ರಲ್ಲಿ ಎರ್ಫುರ್ಟ್‌ನ ಶಾಲೆಯಲ್ಲಿ ಹಳೇ ವಿದ್ಯಾರ್ಥಿಯೊಬ್ಬ 16 ಜನರನ್ನ ಕೊಂದ. ಅವನೂ ಕ್ಲಬ್ ಸದಸ್ಯನೇ ಆಗಿದ್ದ. ಈ ನಿಯಮ ಅದರ ನಂತರ ಬಂದದ್ದು.

ಎರಡು, ನಂಬಿಕಸ್ಥರಾ? ಅಪರಾಧ ದಾಖಲೆ ನೋಡ್ತಾರೆ. 60 ದಿನದ ಆದಾಯದ ಲೆಕ್ಕದ ದಂಡ ಬಿದ್ದಿದ್ರೂ ಸಾಮಾನ್ಯವಾಗಿ ಐದು ವರ್ಷ ಬಾಗಿಲು ಮುಚ್ಚುತ್ತೆ. 2020ರಿಂದ ಗುಪ್ತಚರ ಇಲಾಖೆಯನ್ನೂ ಕೇಳ್ತಾರೆ. ಒಮ್ಮೆ ಪಾಸಾದ್ರೆ ಮುಗೀತು ಅಂತಲ್ಲ, ಕನಿಷ್ಠ ಮೂರು ವರ್ಷಕ್ಕೊಮ್ಮೆ ಮತ್ತೆ ನೋಡ್ತಾರೆ.

ಮೂರು, ಯೋಗ್ಯತೆ. ಕುಡಿತದ ಚಟ, ಮಾದಕ ವಸ್ತು, ಮನಸ್ಸಿನ ಕಾಯಿಲೆಯಿಂದ ಅಪಾಯ ಇದೆಯಾ ಅಂತ.

ನಾಲ್ಕು, ಜ್ಞಾನ. ಕಾನೂನು ಮತ್ತು ಬಳಕೆ ಎರಡರಲ್ಲೂ ಪರೀಕ್ಷೆ. ಜರ್ಮನ್ ಭಾಷೆ ಇಲ್ಲಿ ಬೇಕೇ ಬೇಕು ಅಂತ ಇಟ್ಕೊಳ್ಳಿ.

ಐದು, ಅಗತ್ಯ. ಇದೇ ಮುಖ್ಯ. "ಇಷ್ಟ" ಅಂದ್ರೆ ಸಾಲಲ್ಲ. ಮಾನ್ಯ ಒಕ್ಕೂಟದ ಕ್ಲಬ್ಬಿನಲ್ಲಿ ಕನಿಷ್ಠ 12 ತಿಂಗಳು ಅಭ್ಯಾಸ ಮಾಡಿರಬೇಕು, ಪ್ರತಿ ತಿಂಗಳು ಒಮ್ಮೆಯಾದ್ರೂ ಅಥವಾ ವರ್ಷದಲ್ಲಿ 18 ಸಲ. ನಿಮಗೆ ಬೇಕಾದ ಬಂದೂಕು ನಿಮ್ಮ ಸ್ಪರ್ಧೆಗೆ ಬೇಕಾದ್ದೇ ಅಂತ ಒಕ್ಕೂಟ ಬರೆದುಕೊಡಬೇಕು. ಆಮೇಲೆ ಆರು ತಿಂಗಳಿಗೆ ಎರಡಕ್ಕಿಂತ ಹೆಚ್ಚು ಕೊಳ್ಳೋ ಹಾಗಿಲ್ಲ. ಐದು ವರ್ಷಕ್ಕೆ, ಹತ್ತು ವರ್ಷಕ್ಕೆ ಅಗತ್ಯ ಇನ್ನೂ ಇದೆಯಾ ಅಂತ ಮತ್ತೆ ಕೇಳ್ತಾರೆ.

ನಮ್ಮಂಥ ವಲಸೆಗಾರರು ನೆನಪಿಡಬೇಕಾದ ಇನ್ನೊಂದು ಸಾಲು ಅದೇ ಕಾಯ್ದೆಯಲ್ಲಿದೆ. ಜರ್ಮನಿಯಲ್ಲಿ ಕನಿಷ್ಠ ಐದು ವರ್ಷ ವಾಸ ಇಲ್ಲದವರಿಗೆ ಲೈಸೆನ್ಸ್ ನಿರಾಕರಿಸಬಹುದು. ನಿರಾಕರಿಸಲೇಬೇಕು ಅಂತಿಲ್ಲ, ಆದ್ರೆ ಮೂರು ವರ್ಷಕ್ಕೆ ಹೋಗೋ ನನ್ನಂಥವನು ಸ್ವಂತ .22 ಆಸೆ ಇಟ್ಕೊಳ್ಳದಿರೋದೇ ಮೇಲು. ಹಾಗಂತ ಕ್ಲಬ್ಬಿಗೆ ಹೋಗೋಕೆ ಅಡ್ಡಿಯಿಲ್ಲ. ಮಾನ್ಯ ರೇಂಜಿನಲ್ಲಿ, ಮೇಲ್ವಿಚಾರಕರ ಎದುರು, ಕ್ಲಬ್ಬಿನ ರೈಫಲ್ ಹಿಡಿಯೋಕೆ ವೈಯಕ್ತಿಕ ಲೈಸೆನ್ಸ್ ಬೇಡ. ಏರ್ ರೈಫಲ್ 7.5 ಜೂಲ್ ಮೀರದೆ, ಅದರ ಮೇಲೆ ಪಂಚಕೋನದೊಳಗೆ ಎಫ್ ಅಕ್ಷರದ ಮುದ್ರೆ ಇದ್ದರೆ, 18 ಆದವರು ಲೈಸೆನ್ಸ್ ಇಲ್ಲದೆ ಕೊಳ್ಳಬಹುದು. ಇಲ್ಲಿ ಕೊಂಡ ಏರ್ ಗನ್ ಮೇಲೆ ಆ ಮುದ್ರೆ ಇಲ್ಲದಿದ್ರೆ ಸೂಟ್‌ಕೇಸಿಗೆ ಹಾಕ್ಕೊಂಡು ಹೋಗಬೇಡಿ. ಭಾರತದಲ್ಲಿ ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಅಲ್ಲೂ ಬೇಡ ಅಂತಲ್ಲ.

ಬೀರುವಿನ ವಿಷಯಕ್ಕೆ ಬಂದರೆ ನನಗೆ ನಾಚಿಕೆ ಆಯ್ತು. 2017ರಿಂದ ಅಲ್ಲಿ ಹೊಸದಾಗಿ ಬಂದೂಕು ಇಟ್ಕೊಳ್ಳೋರಿಗೆ ಯುರೋಪಿನ ಮಾನದಂಡದ ಉಕ್ಕಿನ ತಿಜೋರಿ ಕಡ್ಡಾಯ. 2009ರಲ್ಲಿ ವಿನೆಂಡೆನ್ ಶಾಲೆಯಲ್ಲಿ 17 ವರ್ಷದ ಹುಡುಗ ಗುಂಡು ಹಾರಿಸಿದ್ದು ಅವನ ಅಪ್ಪ ಬೀಗ ಹಾಕದೆ ಇಟ್ಟಿದ್ದ ಪಿಸ್ತೂಲಿನಿಂದ. ಆಮೇಲೆ ಅಧಿಕಾರಿಗಳು ಮುನ್ಸೂಚನೆ ಇಲ್ಲದೆ ಮನೆಗೆ ಬಂದು ತಪಾಸಣೆ ಮಾಡಬಹುದು ಅಂತ ಕಾನೂನಾಯ್ತು. ದೇವರ ಮನೆಯ ಮೊಳೆಗೆ ನೇತಾಡ್ತಿದ್ದ ಬೀಗದ ಕೈ ನೆನಪಾಯ್ತು.

ಅಪ್ಪನ ಬಂದೂಕು ಬಂದರೆ ಅಲ್ಲಿ ಏನು? ಒಂದು ತಿಂಗಳೊಳಗೆ ಅರ್ಜಿ ಹಾಕಬೇಕು. ವಾರಸುದಾರನಿಗೆ ಸ್ವಂತ ಅಗತ್ಯ ಇಲ್ಲದಿದ್ರೆ ಬಂದೂಕು ಇಟ್ಕೋಬಹುದು, ಆದ್ರೆ ನಳಿಗೆಗೆ ತಡೆ ಹಾಕಿಸಿ, ಗುಂಡು ಹಾರದ ಹಾಗೆ ಮಾಡಬೇಕು.

ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್

ಆಸ್ಟ್ರಿಯಾದಲ್ಲಿ ಪಿಸ್ತೂಲ್, ರಿವಾಲ್ವರ್, ಸೆಮಿ ಆಟೋಮ್ಯಾಟಿಕ್ ಆಯುಧಗಳು ಬಿ ವರ್ಗ. ಅದಕ್ಕೆ ಕಾರ್ಡ್ ಬೇಕು, ಮನೋವೈಜ್ಞಾನಿಕ ಪರೀಕ್ಷೆ ಇದೆ. ಯುರೋಪಿನ ಪ್ರಜೆಯಲ್ಲದವರಿಗೆ ಕಾರ್ಡ್ ಕೊಡೋದು ಬಿಡೋದು ಅಧಿಕಾರಿಯ ವಿವೇಚನೆ. 2025ರ ಜೂನ್‌ನಲ್ಲಿ ಗ್ರಾಟ್ಸ್ ನಗರದ ಶಾಲೆಯಲ್ಲಿ ಗುಂಡಿನ ದಾಳಿ ಆದ ಮೇಲೆ ಸಂಸತ್ತು ಕಾನೂನು ಬಿಗಿ ಮಾಡಿ, ಬಿ ವರ್ಗದ ವಯಸ್ಸನ್ನ 21ರಿಂದ 25ಕ್ಕೆ ಏರಿಸಿತು.

ಸ್ವಿಟ್ಜರ್ಲೆಂಡ್ ಸ್ವಲ್ಪ ಸಡಿಲ. ಕ್ರೀಡೆ, ಬೇಟೆ, ಸಂಗ್ರಹ ಅಂದ್ರೆ ಬೇರೆ ಕಾರಣ ಕೇಳಲ್ಲ. ಸಾಮಾನ್ಯ ಕ್ರೀಡಾ ರೈಫಲ್‌ಗೆ ಅಲ್ಲಿನ ಪ್ರಜೆಗಳಿಗೆ ಲಿಖಿತ ಕರಾರು ಸಾಕು. ಆದ್ರೆ ಕಾಯಂ ವಾಸದ ಪರವಾನಗಿ ಇಲ್ಲದ ವಿದೇಶಿಯರಿಗೆ ಪ್ರತಿ ಬಂದೂಕಿಗೂ ಅನುಮತಿ ಪತ್ರ ಬೇಕು. 2019ರ ಮೇ ತಿಂಗಳಲ್ಲಿ ಜನಮತ ನಡೆದು, ಯುರೋಪಿನ ಬಿಗಿ ನಿಯಮಕ್ಕೆ ಸುಮಾರು 64 ಶೇಕಡಾ ಜನ ಒಪ್ಪಿದರು.

ಒಟ್ಟಾರೆ ಏನು?

ಎಲ್ಲಾ ಕಡೆ ಓದಿ ನನಗೆ ತಿಳಿದದ್ದು ಇಷ್ಟೇ. ಬಂದೂಕು ಎಂಥದ್ದು ಅನ್ನೋದಕ್ಕಿಂತ ಹೆಚ್ಚಾಗಿ ಕಾನೂನು ಕೇಳೋದು "ನಿನ್ನ ಪರವಾಗಿ ಜವಾಬ್ದಾರಿ ಹೊರೋರು ಯಾರು?" ಅಂತ. ಕೊಡಗಿನಲ್ಲಿ ನೆಲ ಮತ್ತು ಮನೆತನ ಆ ಸಾಕ್ಷಿ ಹೇಳುತ್ತೆ. ಪುಣೆಯಲ್ಲಿ ರೈಫಲ್ ಕ್ಲಬ್ಬು, ಪೊಲೀಸ್ ವರದಿ. ಜರ್ಮನಿಯಲ್ಲಿ ಹನ್ನೆರಡು ತಿಂಗಳ ಹಾಜರಿ ಪುಸ್ತಕ. ಎಲ್ಲಾ ಕಡೆ ಆ ಸಾಕ್ಷಿಗೆ ಅವಧಿ ಇದೆ. ನಾವು ಕೊಡಗಿನವರು ವಿನಾಯಿತಿಯನ್ನ ಹುಟ್ಟಿನಿಂದ ಬಂದ ಆಸ್ತಿ ಅಂದ್ಕೊಂಡ್ರೆ, 2029ರಲ್ಲಿ ಅದನ್ನ ಮತ್ತೆ ಕೇಳೋಕೆ ನಮ್ಮ ಹತ್ರ ಒಳ್ಳೇ ವಾದ ಇರಲ್ಲ. ಒಂದು ಬೀರು ಬೀಗ ಇಲ್ಲದೆ ಸಿಕ್ಕಿ ಒಂದು ಅನಾಹುತ ಆದ್ರೂ ಸಾಕು. ಮದುವೆ, ಮೆರವಣಿಗೆ ಸಡಗರದಲ್ಲಿ ಜನರ ಪ್ರಾಣಕ್ಕೆ ಅಪಾಯ ಆಗೋ ಹಾಗೆ ಗುಂಡು ಹಾರಿಸೋದು 2019ರಿಂದ ಪ್ರತ್ಯೇಕ ಅಪರಾಧ, ಎರಡು ವರ್ಷದವರೆಗೆ ಜೈಲು ಅನ್ನೋದೂ ನೆನಪಿರಲಿ.

ಊರಲ್ಲಿ ಕೋವಿ ಇದ್ದು ನೀವು ಹೊರಗಿದ್ರೆ ಈ ವಾರವೇ ಮಾಡಿ:

1. ಪತ್ರ ಯಾರ ಹೆಸರಲ್ಲಿದೆ, ಅವಧಿ ಯಾವಾಗ ಮುಗಿಯುತ್ತೆ ನೋಡಿ. ಫೋಟೋ ತೆಗೆದಿಟ್ಕೊಳ್ಳಿ.
2. ಆ ವ್ಯಕ್ತಿ ಬದುಕಿಲ್ಲ ಅಂದ್ರೆ ತಕ್ಷಣ ಠಾಣೆ ಅಥವಾ ಡೀಲರ್ ಹತ್ರ ಠೇವಣಿ ಇಟ್ಟು ರಸೀದಿ ತಗೊಳ್ಳಿ.
3. ಅಪ್ಪನ ಲೈಸೆನ್ಸ್ ಇದ್ದು ವಯಸ್ಸು 70 ದಾಟಿದ್ರೆ, ಅಥವಾ 25 ವರ್ಷದಿಂದ ಆ ಬಂದೂಕು ಅವರ ಹತ್ರ ಇದ್ರೆ, ಅವರು ಇರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ಒಬ್ಬರಿಗೆ ಎರಡು ಅನ್ನೋ ಮಿತಿ ಇಲ್ಲೂ ಇದೆ.
4. ಕೋವಿ ಬೇರೆ, ತೋಟೆ ಬೇರೆ, ಬೀಗದ ಕೈ ಇನ್ನೊಂದು ಕಡೆ.

ನಮ್ಮ ಕೋವಿ ಈಗ ಅಣ್ಣನ ಹತ್ರ ಇದೆ. ಅವನ ಹೆಸರಲ್ಲಿ ವಿನಾಯಿತಿ ಪತ್ರ ಇದೆ, ಊರಲ್ಲೇ ಇರ್ತಾನೆ, ಉಕ್ಕಿನ ಪೆಟ್ಟಿಗೆ ಮಾಡಿಸಿದ್ದಾನೆ. ದುಡ್ಡು ನಾನು ಕೊಟ್ಟೆ. ಅಮ್ಮನಿಗೆ ಹೇಳೋಕೆ ಹೋದಾಗ ಅವರು ಅಣ್ಣನನ್ನ ಒಂದೇ ಪ್ರಶ್ನೆ ಕೇಳಿದ್ರು: "ನೀನು ಊರು ಬಿಟ್ಟು ಹೋಗಲ್ಲ ತಾನೇ?" ಅವನು "ಇಲ್ಲ ಚಿಕ್ಕಮ್ಮ" ಅಂದ. ಅಷ್ಟಕ್ಕೆ ಅವರಿಗೆ ಸಮಾಧಾನ ಆಯ್ತು. ನಾನು ಪಕ್ಕದಲ್ಲೇ ಇದ್ದೆ, ನನ್ನನ್ನ ಕೇಳಲಿಲ್ಲ.

ನಿಮ್ಮ ಊರಿನ ಅನುಭವ ಇದ್ರೆ ಬರೀರಿ. ಮುಂದಿನ ಸಲ ಸಿಗೋಣ.